ಒಂದೊಂದು ಸಲಹೆಗೆ ಒಂದೊಂದು ಚೌಕ: ಹುಬ್ಬಳ್ಳಿಯ ನನ್ನ ಡೀಟೇಲಿಂಗ್ ಅನುಭವ

ಕಪ್ಪು ಕಾರಿನ ಮೇಲೆ ಬೋರ್ ನೀರಿನ ಕಲೆ ಕೂತಿದೆ, ಏನು ಮಾಡಲಿ ಅಂತ ನಾಲ್ಕು ಡೀಟೇಲರ್‌ಗಳನ್ನು, ಅಂದರೆ ಕಾರಿನ ಪೇಂಟ್ ತೊಳೆದು ಉಜ್ಜಿ ಹೊಳಪು ಕೊಡುವವರನ್ನು, ಕೇಳಿ ನೋಡಿ. ಐದು ಉತ್ತರ ಬರುತ್ತವೆ. ವಿನೆಗರ್, ಟೂತ್‌ಪೇಸ್ಟ್, ಸೀಮೆಎಣ್ಣೆ, ಉಲನ್ ಪ್ಯಾಡ್ ಹಾಕಿ ರೋಟರಿ ಪಾಲಿಶ್ ಮಷಿನ್, ಇಲ್ಲಾಂದ್ರೆ 'ಸೆರಾಮಿಕ್ (ಪೇಂಟ್ ಕಾಯುವ ಕೋಟಿಂಗ್) ಹೊಡೆಸಿಬಿಡ್ರಿ'. ಎಲ್ಲರೂ ಗಟ್ಟಿ ದನಿಯಲ್ಲೇ ಹೇಳುತ್ತಾರೆ. ಗೋಕುಲ ರೋಡ್ ಕಡೆ ಶೆಡ್ ಹಾಕಿದ ಹೊಸದರಲ್ಲಿ ಇಂಥ ಮಾತು ಕೇಳಿ ನಾನು ತರಿಸಿದ ಬಾಟಲಿಗಳಿಗೇ ಮೂವತ್ತು ಸಾವಿರದ ಮೇಲೆ ಹೋಗಿರಬೇಕು. ಅರ್ಧಕ್ಕರ್ಧ ಇನ್ನೂ ಕಪಾಟಿನಲ್ಲಿವೆ.

ಈಗ ಯಾರ ಹೆಸರೂ ನೋಡಲ್ಲ, ಅವರ ಗಾಡಿ ಫೋಟೋನೂ ನೋಡಲ್ಲ. ಹಳೇ ಹುಬ್ಬಳ್ಳಿಯ ಗುಜರಿಯಿಂದ ಒಂದು ಕಪ್ಪು ಬಾನೆಟ್ ತಂದೆ. ಮೂಲೆ ಸೊಟ್ಟಗಾಗಿತ್ತು, ಪೇಂಟ್ ಮಾತ್ರ ಕಂಪನಿಯದೇ. ಏಳುನೂರೋ ಎಂಟುನೂರೋ ಕೊಟ್ಟ ನೆನಪು. ಟೇಪ್ ಹಚ್ಚಿ ಚೌಕ ಮಾಡಿದೆ. ಯಾರೇ ಸಲಹೆ ಕೊಡಲಿ, ಅವರಿಗೆ ಒಂದು ಚೌಕ. ಒಂದನ್ನು ಮುಟ್ಟದೆ ಹಾಗೇ ಬಿಡುವುದು. ಜೊತೆಯವರು ನಕ್ಕರು. "ಏನಪಾ, ಲ್ಯಾಬ್ ತೆಗದಿ ಏನು?" ಅಂದವರೇ ಈಗ ಬಾಟಲಿ ಹಿಡಿದುಕೊಂಡು ಬಂದು "ಒಂದು ಚೌಕ ಖಾಲಿ ಐತೇನೋ?" ಅಂತ ಕೇಳುತ್ತಾರೆ.

ಉಜ್ಜಿದ ಕೂಡಲೇ ಎಲ್ಲ ಚೌಕವೂ ಚಂದ ಕಾಣುತ್ತದೆ. ಉಜ್ಜುವ ಪೇಸ್ಟಿನ, ಅಂದರೆ ಕಾಂಪೌಂಡಿನ, ಎಣ್ಣೆ ಗೀರುಗಳಲ್ಲಿ ತುಂಬಿಕೊಳ್ಳುತ್ತೆ, ಅಷ್ಟೇ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ನೀರಲ್ಲಿ ಬೆರೆಸಿ ಆ ಎಣ್ಣೆ ಒರೆಸಿದ ಮೇಲೆ ಬಣ್ಣ ಬಯಲಾಗುತ್ತದೆ. ಹೊರಗಿಂದ ಬಂದು ಎರಡು ದಿನದ ಟ್ರೇನಿಂಗ್‌ಗೆ ಒಳ್ಳೇ ದುಡ್ಡು ತೊಗೊಂಡ ಒಬ್ಬರಿದ್ದರು. ಅವರ ಚೌಕ ಸಂಜೆ ನೋಡಿ ನನ್ನ ಹುಡುಗರು ಬಾಯಿ ಬಿಟ್ಟಿದ್ದರು. ಒರೆಸಿ, ಟಾರ್ಚ್ ಓರೆಯಾಗಿ ಹಿಡಿದೆ. ಗೀರು ಒಂದೊಂದಾಗಿ ಎದ್ದು ಬಂದವು, ಮುಟ್ಟದ ಚೌಕದಲ್ಲಿ ಇದ್ದಷ್ಟೇ. ಮೇಲೆ ರೋಟರಿಯ ಸುರುಳಿ ಬೇರೆ, ಬಡ್ಡಿ ಸಮೇತ. ಐಪಿಎ ಎಷ್ಟಕ್ಕೆ ಎಷ್ಟು ನೀರು ಅಂತ ಮಾತ್ರ ಕೇಳಬೇಡಿ. ಕೊನೆಯ ಪಾಸ್‌ಗೆ ಯಾವ ಪ್ಯಾಡ್ ಹಾಕ್ತೀನಿ ಅನ್ನೋದೂ ಅಂಗಡಿ ಗುಟ್ಟು.

ನೀರಿನ ಕಲೆ ವಿಷಯಕ್ಕೆ ಬರ್ತೀನಿ. ಟೂತ್‌ಪೇಸ್ಟ್ ಕಪ್ಪು ಪೇಂಟನ್ನು ಮಬ್ಬು ಮಾಡಿತು. ಸೀಮೆಎಣ್ಣೆ ಬೆಳಿಗ್ಗೆ ಹೊಳೆಯಿತು, ಸಂಜೆಗೆ ರಸ್ತೆ ಧೂಳೆಲ್ಲ ಅಲ್ಲೇ ಬಂದು ಕೂತಿತು. ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರ್‌ಗೆ ಹೊಸ ಕಲೆ ಹೋಯಿತು. ಏಪ್ರಿಲ್-ಮೇ ಬಿಸಿಲಲ್ಲಿ ಕುದ್ದ ಕಲೆ ಹೋಗಲಿಲ್ಲ. ಸುಣ್ಣ ಕರಗಿತು, ಕ್ಲಿಯರ್ ಕೋಟ್‌ನಲ್ಲಿ (ಬಣ್ಣದ ಮೇಲಿನ ಪಾರದರ್ಶಕ ಪದರ) ಬಿದ್ದ ಗುಳಿ ಹಾಗೇ ಉಳಿಯಿತು. ಅದಕ್ಕೆ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶ್ ಮಷಿನ್ ಬೇಕೇ ಬೇಕು. ವಿನೆಗರ್ ಹೇಳಿದವನು ಸುಳ್ಳು ಹೇಳಿರಲಿಲ್ಲ. ಅವನದು ವಿದ್ಯಾನಗರದಲ್ಲಿ ಮಲಪ್ರಭಾ ನೀರು, ನೆರಳಲ್ಲಿ ಪಾರ್ಕಿಂಗ್. ಅವನು ಕುದ್ದ ಕಲೆ ನೋಡೇ ಇಲ್ಲ! ಅಂದಿನಿಂದ ಸಲಹೆ ಕೊಡುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ನೀರು ಯಾವುದು, ಗಾಡಿ ಎಲ್ಲಿ ನಿಲ್ಲುತ್ತೆ ಅಂತ.

ಸೆರಾಮಿಕ್‌ನವರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. 9ಎಚ್ ಇದೆ, ಗೀರೇ ಬೀಳಲ್ಲ ಅಂತಾರೆ. ಅದು ಪೆನ್ಸಿಲ್ ಗಟ್ಟಿತನದ ಅಳತೆ. ನಮ್ಮ ಧೂಳು ಕೂತ ಬಾನೆಟ್ ಮೇಲೆ ಒಣ ಬಟ್ಟೆ ಎಳೆದರೆ 9ಎಚ್ ಆದರೂ ಗೀರೇ. ಇನ್ನು ನೀರು ಮುತ್ತು ಮುತ್ತಾಗಿ ನಿಂತ ಫೋಟೋ ಕಳಿಸಿ 'ನೋಡ್ರಿ ಕೆಲಸ' ಅನ್ನೋರು. ಬೋರ್ ನೀರಿದ್ದ ಕಡೆ ಆ ಮುತ್ತೇ ವೈರಿ. ಒಂದೊಂದು ಹನಿ ಒಣಗಿ ಒಂದೊಂದು ಬಿಳಿ ಉಂಗುರ ಬಿಡುತ್ತೆ. ನನ್ನ ಬಾನೆಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಉಂಗುರ ಬಿದ್ದದ್ದು ಎಲ್ಲಕ್ಕಿಂತ ದುಬಾರಿ ಕೋಟಿಂಗ್ ಹಚ್ಚಿದ ಚೌಕದ ಮೇಲೆ. ಕೋಟಿಂಗ್ ಕೆಟ್ಟದ್ದಲ್ಲ, ತೊಳೆದ ಮೇಲೆ ಒಣಗಿಸದೆ ಬಿಟ್ಟರೆ ಅದು ಕಾಯಲ್ಲ.

ಇದೇ ಸುಳಿವಲ್ಲಿ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಕಾಯಿನ್ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕ ಇರ್ತದಲ್ವಾ, ಅಲ್ಲಿಂದ ಎರಡು ಕ್ಯಾನ್ ತಂದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ನಮ್ಮ ಬೋರ್ ಸಾವಿರದ ಹತ್ತಿರ ತೋರಿಸುತ್ತಿತ್ತು, ಕ್ಯಾನ್ ನೀರು ನೂರರ ಒಳಗೆ. ಶಾಂಪೂ ವಾಶ್ ಎಲ್ಲ ಬೋರ್ ನೀರಲ್ಲೇ, ಕೊನೆಯ ಜಾಲಾಟ ಮಾತ್ರ ಕ್ಯಾನ್ ನೀರಲ್ಲಿ. ಒಂದು ಕಾರಿಗೆ ಹತ್ತು ರೂಪಾಯಿ ಖರ್ಚು. ಕಲೆ ಬೀಳೋದು ಹೆಚ್ಚು ಕಡಿಮೆ ನಿಂತೇಹೋಯಿತು. ಮಳೆ ನೀರೂ ಹಿಡಿದು ನೋಡಿದೆ. ಟಿಡಿಎಸ್ ಇನ್ನೂ ಕಡಿಮೆ, ಆದರೆ ತಗಡಿನ ಮೇಲಿನ ಕಸ ಎಲ್ಲ ಬಂದು ಗೀರು ಬಿತ್ತು.

ಮಷಿನ್ ಇದ್ದವರೆಲ್ಲ ಬಲ್ಲವರಲ್ಲ. ಒಬ್ಬ ಪೇಂಟರ್ ಚಾಚಾ ಇದ್ದಾರೆ, ಪೇಂಟ್ ದಪ್ಪ ಅಳೆಯುವ ಗೇಜ್ ಕೈಯಲ್ಲಿ ಹಿಡಿದವರೇ ಅಲ್ಲ. ಒಂದು ಕಾರಿನ ಬಾಗಿಲು ತೆಗೆದು, ರಬ್ಬರ್ ಅಂಚನ್ನು ಉಗುರಿಂದ ಸ್ವಲ್ಪ ಮಡಚಿ, "ಇದನ್ನ ಹೊಡದಾರ ನೋಡ್ರಿ, ರಬ್ಬರಿಗೆ ಹಾರೇದ" ಅಂದರು, ಅಂದರೆ ಬಾಗಿಲಿಗೆ ಮತ್ತೆ ಪೇಂಟ್ ಹೊಡೆದಿದ್ದಾರೆ ಅಂತ. ನಾನು ಗೇಜ್ ಇಟ್ಟೆ. ಪಕ್ಕದ ಬಾಗಿಲು ನೂರಾ ಹತ್ತು ಮೈಕ್ರಾನ್ ಆಸುಪಾಸು, ಇದು ಮುನ್ನೂರು ದಾಟಿತ್ತು. ಅದೇ ವಾರ ಇನ್ನೊಬ್ಬ, ಎಂಟು ಸಾವಿರದ ಗೇಜ್ ಇಟ್ಟುಕೊಂಡವನು, "120 ಐತಿ, ಆರಾಮ ಉಜ್ಜ್ರಿ" ಅಂದ. ನಮ್ಮ ಗೇಜ್ ತೋರಿಸೋದು ಒಟ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಹೆಚ್ಚು, ಹಿಂದೆ ಯಾರು ಎಷ್ಟು ತಿಂದಿದ್ದಾರೋ ಅದು ಹೇಳಲ್ಲ. ಚಾಚಾ ಹೇಳಿದ್ದನ್ನು ಈಗ ನಾನು ಚೌಕ ಇಲ್ಲದೇ ನಂಬ್ತೀನಿ.

ನಾನು ಸಲಹೆ ಕೊಡುವ ರೀತಿಯೂ ಬದಲಾಗಿದೆ. ಗದಗ ರೋಡ್ ಕಡೆಯವರೊಬ್ಬರು ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕೆ ಅಂತ ಫೋನ್ ಮಾಡಿದರು. ಎಲ್ಲರೂ ತುಕ್ಕು ಅಂದಿದ್ದರಂತೆ, ಪೇಂಟಿಂಗ್‌ಗೆ ಇಪ್ಪತ್ತು ಸಾವಿರದ ಲೆಕ್ಕವೂ ಬಂದಿತ್ತಂತೆ. "ಗಾಡಿ ಎಲ್ಲಿ ನಿಲ್ಲಸ್ತೀರಿ ಅಣ್ಣಾರ?" ಅಂದೆ. "ರೈಲ್ವೆ ಹಳಿ ಬಾಜೂನ." ಅಷ್ಟು ಸಾಕಾಗಿತ್ತು. ಹಳಿ ಮೇಲೆ ಚಕ್ರ, ಬ್ರೇಕ್ ಉಜ್ಜಿ ಹಾರುವ ಕಬ್ಬಿಣದ ಪುಡಿ ಅದು. ಐರನ್ ರಿಮೂವರ್ ಹೊಡೆದ ಎರಡೇ ನಿಮಿಷಕ್ಕೆ ಬಾಗಿಲ ತುಂಬ ನೇರಳೆ ಬಣ್ಣ ಇಳಿಯಿತು. ಆಮೇಲೆ ಕ್ಲೇ (ಅಂಟಿದ ಕಸ ಎಳೆಯುವ ಜೇಡಿಯಂಥ ಮುದ್ದೆ), ಒಂದು ಕೈ ವ್ಯಾಕ್ಸ್. ಬಾಟಲಿಗೆ ಆರುನೂರು ಚಿಲ್ಲರೆ, ನನ್ನ ಕೂಲಿ ಎರಡೂವರೆ ಸಾವಿರ. ಬಾಟಲಿ ಹೆಸರು ಹೇಳಿ ಕಳಿಸಿದ್ದರೆ ಅವರು ಬಿಸಿಲಲ್ಲಿ ಹೊಡೆದು, ಅಲ್ಲೇ ಒಣಗಲು ಬಿಟ್ಟು, ಬೇರೆ ಕಲೆ ಮಾಡಿಕೊಂಡಿರುತ್ತಿದ್ದರು.

ನನ್ನ ಹಾಗೆ ಚೌಕದ ಬಾನೆಟ್ ಮಾಡುವವರು ಟೇಪ್‌ಗೆ ಮಾತ್ರ ಜಿಪುಣತನ ಮಾಡಬೇಡಿ. ಸ್ಟೇಷನರಿ ಅಂಗಡಿಯ ಅಗ್ಗದ ಟೇಪ್ ಮೇ ಬಿಸಿಲಿಗೆ ಪೇಂಟ್ ಮೇಲೆ ಅಂಟು ಬಿಟ್ಟುಬಿಡುತ್ತೆ. ಪೇಂಟ್ ಅಂಗಡಿಯದ್ದೇ ತೊಗೊಳ್ಳಿ, ಉಜ್ಜೋದು ಮುಗಿದ ದಿನವೇ ಕಿತ್ತುಹಾಕಿ, ಚೌಕದ ಗಡಿ ತಿಳಿಯಲು ಬಾನೆಟ್‌ನ ಹಿಂಬದಿಯಲ್ಲಿ ಮಾರ್ಕರ್ ಗುರುತು ಸಾಕು.