ಇಮೇಲ್ ಉತ್ತರ ಎಲ್ಲಿಗೆ ಹೋಗಬೇಕು? ಮೊದಲೇ ಗೊತ್ತುಪಡಿಸಿ

ಬದಿಯಡ್ಕದಲ್ಲೋ ಕುಂಬಳೆಯಲ್ಲೋ ವರ್ಷಕ್ಕೊಮ್ಮೆ ತಾಳಮದ್ದಳೆ ಏರ್ಪಡಿಸುವ ಸಂಘವೊಂದರ ಕಾರ್ಯದರ್ಶಿಯವರು ಊರಿನಲ್ಲಿಯೂ ಮಂಗಳೂರು, ಬೆಂಗಳೂರು, ದುಬೈಗಳಲ್ಲಿಯೂ ಇರುವ ಸದಸ್ಯರಿಗೆಲ್ಲ ಗುಂಪಿನ ವಿಳಾಸದ ಮೂಲಕ ಇಮೇಲ್ ಕಳುಹಿಸಿದರು ಎಂದಿಟ್ಟುಕೊಳ್ಳಿ. ಸದಸ್ಯರೊಬ್ಬರು ತಮ್ಮ ದೇಣಿಗೆಯ ಮೊತ್ತವನ್ನು ಬರೆದು 'ರಿಪ್ಲೈ' ಒತ್ತಿದರೆ ಅದು ಕಾರ್ಯದರ್ಶಿಗಷ್ಟೇ ತಲುಪುವುದೋ ಗುಂಪಿನ ಎಲ್ಲರಿಗೂ ಹೋಗುವುದೋ ಎಂಬುದು ಇಮೇಲ್‌ನ ತಲೆಭಾಗದಲ್ಲಿ (ಹೆಡರ್) ಇರಬಹುದಾದ 'ರಿಪ್ಲೈ-ಟು' ಎಂಬ ಒಂದು ಸಾಲನ್ನು ಅವಲಂಬಿಸಿದೆ. 1982ರ ಇಮೇಲ್ ಮಾನದಂಡದಲ್ಲಿಯೇ ಇದ್ದ ಈ ಸಾಲು ಕಡ್ಡಾಯವಲ್ಲ. ಅದು ಇದ್ದರೆ ಉತ್ತರ ಆ ವಿಳಾಸಕ್ಕೂ ಇಲ್ಲದಿದ್ದರೆ ಕಳುಹಿಸಿದವರ ವಿಳಾಸಕ್ಕೂ ಹೋಗುತ್ತದೆ.

ಇಂಥ ಗುಂಪಿನ ವಿಳಾಸ ಒದಗಿಸುವ ಗೂಗಲ್ ಗ್ರೂಪ್ಸ್ ಬಳಸುವವರು, ಗುಂಪಿನ ಮಾಲೀಕರ ಖಾತೆಯಿಂದ ಪ್ರವೇಶಿಸಿ, 'ಗ್ರೂಪ್ ಸೆಟ್ಟಿಂಗ್ಸ್' ತೆರೆದು, 'ಇಮೇಲ್ ಆಪ್ಶನ್ಸ್' ಭಾಗದಲ್ಲಿರುವ 'ಪೋಸ್ಟ್ ರಿಪ್ಲೈಸ್ ಟು' ಎಂಬಲ್ಲಿ ತಮಗೆ ಬೇಕಾದುದನ್ನು ಆರಿಸಿ ಉಳಿಸಬೇಕು. ಚರ್ಚೆಗಾಗಿಯೇ ಇರುವ ಗುಂಪಾದರೆ ಉತ್ತರ ಎಲ್ಲರಿಗೂ ಹೋಗಲಿ. ಸೂಚನೆ, ಆಮಂತ್ರಣಗಳಷ್ಟೇ ಹೋಗುವ ಗುಂಪಾದರೆ ಬರೆದವರಿಗೆ ಮಾತ್ರ ತಲುಪುವಂತೆ ಇಡುವುದೇ ಮೇಲೆಂದು ನನ್ನ ಅಭಿಪ್ರಾಯ. ಒಬ್ಬರಿಗೆ ಬಂದ ಉತ್ತರವನ್ನು ಬೇಕಾದರೆ ಎಲ್ಲರಿಗೂ ದಾಟಿಸಬಹುದು. ಎಲ್ಲರ ಕೈಸೇರಿದ್ದನ್ನು ಹಿಂದಕ್ಕೆ ಪಡೆಯಲಾಗದು. ಕಳುಹಿಸಿದ ಮೇಲನ್ನು ತಡೆಯುವ ಜಿಮೇಲ್‌ನ 'ಅನ್‌ಡು' ಕೂಡ ಹೆಚ್ಚೆಂದರೆ 30 ಸೆಕೆಂಡು ಕಾಯುತ್ತದೆ.

ಗುಂಪಿನ ವ್ಯವಸ್ಥೆಯಿಲ್ಲದೆ ಸ್ವಂತ ಜಿಮೇಲ್‌ನಿಂದಲೇ ಕಳುಹಿಸುತ್ತಾ, ಉತ್ತರಗಳು ಮಾತ್ರ ಸಂಘದ ವಿಳಾಸಕ್ಕೆ ಬರಲಿ ಎನ್ನುವವರು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಬೇಕು, ಏಕೆಂದರೆ ಮೊಬೈಲ್ ಆ್ಯಪ್‌ನಲ್ಲಿ ಈ ಆಯ್ಕೆಯಿಲ್ಲ. ಹಲ್ಲುಚಕ್ರದ ಗುರುತು ಒತ್ತಿ, 'ಸೀ ಆಲ್ ಸೆಟ್ಟಿಂಗ್ಸ್' ಮೂಲಕ 'ಅಕೌಂಟ್ಸ್ ಆ್ಯಂಡ್ ಇಂಪೋರ್ಟ್' ವಿಭಾಗಕ್ಕೆ ಹೋಗಿ, 'ಸೆಂಡ್ ಮೇಲ್ ಆ್ಯಸ್' ಎದುರಿನ 'ಎಡಿಟ್ ಇನ್ಫೋ' ಒತ್ತಿರಿ. ಅಲ್ಲಿ ಬೇರೆ ರಿಪ್ಲೈ-ಟು ವಿಳಾಸ ಸೂಚಿಸುವ ಕೊಂಡಿಯಿದೆ. ವಿಳಾಸ ತುಂಬಿ ಉಳಿಸಿ. ನಿಮ್ಮ ಜಿಮೇಲ್ ವಿಳಾಸದಿಂದ ಮುಂದೆ ನೀವು ಮನೆಮಂದಿಗೆ ಬರೆಯುವ ಪತ್ರಗಳಿಗೂ ಇದು ಅನ್ವಯಿಸುವುದರಿಂದ ಸಂಘಕ್ಕೆ ಪ್ರತ್ಯೇಕ ಖಾತೆಯಿದ್ದರೆ ಒಳ್ಳೆಯದು. ಕಂಪ್ಯೂಟರಿನ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಾದರೆ 'ಅಕೌಂಟ್ ಸೆಟ್ಟಿಂಗ್ಸ್'ನಲ್ಲಿಯೇ ಇದಕ್ಕೊಂದು ಖಾನೆಯಿದೆ.

ಉಳಿಸಿದ ಮೇಲೆ ಬೇರೊಂದು ಖಾತೆಗೆ ಪರೀಕ್ಷಾರ್ಥ ಮೇಲ್ ಕಳುಹಿಸಿ, ಅಲ್ಲಿ 'ರಿಪ್ಲೈ' ಒತ್ತಿದಾಗ ಯಾವ ವಿಳಾಸ ಮೂಡುತ್ತದೆ ಎಂದು ನೋಡಿ. ಆದರೆ ಸದಸ್ಯರು 'ರಿಪ್ಲೈ ಆಲ್' ಒತ್ತಿದರೆ ಈ ಜೋಡಣೆ ಅವರನ್ನು ತಡೆಯದು. ಆಮಂತ್ರಣದ ಕೊನೆಯಲ್ಲಿ ಅದಕ್ಕೊಂದು ಸೂಚನೆ ಬರೆಯುವುದು ಲೇಸು.

ಮಹಾಸಭೆಯಲ್ಲಿ ಕಾರ್ಯದರ್ಶಿ ಬದಲಾದಾಗ ಈ ರಿಪ್ಲೈ-ಟು ವಿಳಾಸವನ್ನೂ ಬದಲಿಸಬೇಕಾಗುತ್ತದೆ. ಆದರೆ ಆಗಲೇ ಕಳುಹಿಸಿದ ಪತ್ರಗಳಲ್ಲಿ ಹಳೆಯ ವಿಳಾಸವೇ ಉಳಿದಿರುವುದರಿಂದ, ತಡವಾಗಿ ಬರುವ ಉತ್ತರಗಳಿಗಾಗಿ ಹಳೆಯ ಅಂಚೆಪೆಟ್ಟಿಗೆಯಿಂದ ಹೊಸಬರಿಗೆ ಫಾರ್ವರ್ಡ್ ಆಗುವ ಏರ್ಪಾಡನ್ನು ಕೆಲವು ತಿಂಗಳು ಇಟ್ಟುಕೊಳ್ಳಿ.