ಇಬ್ಬರು ಗೆಳೆಯರ ಪ್ರೇಮಕಾದಂಬರಿ: ನಾನು ಬರೆದ ಬಗೆ

ಇಬ್ಬರು ಗಂಡಸರು, ಬಹಳ ವರ್ಷಗಳ ಗೆಳೆತನ, ಕೊನೆಗೆ ಪ್ರೀತಿ. ಇಂಥ ಕಾದಂಬರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಅವರ ತಲೆಯಲ್ಲಿ ಓಡುವ ಪ್ರಶ್ನೆ ಬೇರೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಇದು ಮೊದಲೇ ಯಾಕೆ ಆಗಲಿಲ್ಲ? ಈಗ ಯಾಕೆ ಆಗುತ್ತಿದೆ? ಈ ಎರಡಕ್ಕೂ ಉತ್ತರ ಸಿಗುವವರೆಗೆ ನಾನು ಬರೆಯಲು ಕೂರಲಿಲ್ಲ.

ಗೆಳೆತನ ಹಾಳಾದರೆ ಎಂಬ ಭಯ ಎಲ್ಲರಿಗೂ ಹೊಳೆಯುವ ಉತ್ತರ. ಸುಳ್ಳೇನಲ್ಲ. ಆದರೆ ಅದೊಂದನ್ನೇ ನಂಬಿ ಇಡೀ ಕಾದಂಬರಿ ಎಳೆಯಲು ಆಗುವುದಿಲ್ಲ. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಕಾರಣ ಕೊಟ್ಟೆ. ತನಗೆ ಗಂಡಸರು ಇಷ್ಟ ಅನ್ನೋದು ದಿವಾಕರನಿಗೆ ಹದಿಹರೆಯದಲ್ಲೇ ಗೊತ್ತು. ಅದನ್ನು ಮೊದಲು ಹೇಳಿಕೊಂಡದ್ದು ರವಿಯ ಹತ್ತಿರ. "ಸರಿ ಬಿಡೋ, ಅದಕ್ಕೇನೀಗ" ಅಂದಿದ್ದ ರವಿ. ಆ ಮಾತಿನ ಋಣಕ್ಕೆ ದಿವಾಕರ ಒಂದು ಗೆರೆ ಎಳೆದುಕೊಂಡಿದ್ದಾನೆ: ಇವನನ್ನು ಆ ಕಣ್ಣಿಂದ ನೋಡಬಾರದು. ರವಿಯದು ಇನ್ನೊಂದು ಕಥೆ. ಅವನು ಹುಡುಗಿಯರನ್ನು ಪ್ರೀತಿಸಿದ್ದಾನೆ, ನಿಜವಾಗಿಯೇ ಪ್ರೀತಿಸಿದ್ದಾನೆ. ಹಾಗಾಗಿ ತನ್ನ ಬಗ್ಗೆ ಬೇರೆ ಪ್ರಶ್ನೆ ಕೇಳಿಕೊಳ್ಳುವ ಪ್ರಮೇಯವೇ ಬಂದಿಲ್ಲ.

ಕಥೆಯನ್ನು ಪೂರ್ತಿ ರವಿಯ ಕಡೆಯಿಂದಲೇ ಹೇಳಿದೆ. ಇಬ್ಬರ ಮನಸ್ಸನ್ನೂ ಬಿಚ್ಚಿಟ್ಟರೆ ಉಳಿಯುವುದು ಬರೀ ತಪ್ಪು ತಿಳಿವಳಿಕೆಯ ಆಟ. ಏನೂ ಗೊತ್ತಿಲ್ಲದವನ ಜೊತೆ ಹೋದರೆ ಮಜಾ ಜಾಸ್ತಿ. ಒಂದು ಮದುವೆಗೆ ಹೋದಾಗ ರವಿ ಉಳಿದವರನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಆದರೆ ದಿವಾಕರ ತೋಳು ಮಡಚಿಕೊಂಡದ್ದು, ಯಾರ ಮಾತಿಗೆ ನಕ್ಕದ್ದು, ಎಷ್ಟು ಹೊತ್ತು ಕಾಣೆಯಾಗಿದ್ದ ಎಂಬುದೆಲ್ಲ ಅವನಿಗೆ ಗೊತ್ತು. ಪ್ರೀತಿ ಎಂಬ ಮಾತನ್ನು ನಾನು ಅಲ್ಲಿ ಹತ್ತಿರಕ್ಕೂ ತರಲಿಲ್ಲ.

ಹೆಚ್ಚು ತಲೆ ಕೆಡಿಸಿದ್ದು ಮುಟ್ಟುವುದರ ವಿಷಯ. ಗಂಡು ಹೆಣ್ಣಿನ ಪ್ರೇಮಕಥೆಯಲ್ಲಿ ಮೊದಲ ಸಲ ಕೈ ತಾಗಿದರೆ ಅದೇ ಒಂದು ಘಟನೆ. ಈ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಿದವರು, ಒಂದೇ ತಟ್ಟೆಯಲ್ಲಿ ತಿಂದವರು, ಒಂದೇ ಹಾಸಿಗೆಯಲ್ಲಿ ಬಿದ್ದುಕೊಂಡವರು. ಏಕವಚನದಲ್ಲಿ ಬೈದಾಡುವ ಸಲಿಗೆ ಮೊದಲಿಂದಲೂ ಇದೆ. ಹತ್ತಿರ ಬಂದರು ಅಂತ ತೋರಿಸಲು ಉಳಿದಿರುವುದೇನು? ಹಾಗಾಗಿ ಇದ್ದದ್ದನ್ನೇ ಕಿತ್ತುಕೊಂಡೆ. ಒಂದು ಅಧ್ಯಾಯದಿಂದ ದಿವಾಕರ ಹೆಗಲ ಮೇಲೆ ಕೈ ಹಾಕುವುದನ್ನು ನಿಲ್ಲಿಸುತ್ತಾನೆ. ಸೋಫಾದ ಆ ತುದಿಯಲ್ಲಿ ಕೂರುತ್ತಾನೆ. ಜಗಳವಿಲ್ಲ, ಮಾತು ಬಿಟ್ಟಿಲ್ಲ. ರವಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಹಸ್ತಪ್ರತಿ ಓದಿದವರಲ್ಲಿ ಹೆಚ್ಚಿನವರ ಮನಸ್ಸು ನಿಂತದ್ದು ಇಲ್ಲೇ.

ಇನ್ನು ವ್ಯಾಕರಣದ ಕಾಟ. ಇಬ್ಬರೂ 'ಅವನು'. ಕ್ರಿಯಾಪದವೂ ಕೈ ಕೊಡುತ್ತದೆ. "ಅವನು ಅವನ ಕೈ ಹಿಡಿದ" ಅಂದರೆ ಯಾರು, ಯಾರ ಕೈ? ನೋಡುವವನು ರವಿ ಒಬ್ಬನೇ ಆದ್ದರಿಂದ, ಇಬ್ಬರೇ ಇರುವ ದೃಶ್ಯಗಳಲ್ಲಿ 'ಅವನು' ಅನ್ನೋದನ್ನು ಆದಷ್ಟು ದಿವಾಕರನಿಗೆ ಮೀಸಲಿಟ್ಟೆ. ರವಿಗೆ ಹೆಸರು, ಇಲ್ಲವೇ ತಾನು, ತನ್ನ. ಎಷ್ಟೋ ಕಡೆ ಕರ್ತೃವನ್ನೇ ಬಿಟ್ಟೆ, ಕನ್ನಡದಲ್ಲಿ ಅದು ಸಲೀಸು. ಹೆಸರು ಆರಿಸುವಾಗಲೂ ಇದೇ ಲೆಕ್ಕ. ರವಿಗೆ, ದಿವಾಕರನಿಗೆ, ರವಿಯ, ದಿವಾಕರನ. ವಿಭಕ್ತಿ ಹತ್ತಿದ ಮೇಲೂ ಕಿವಿಗೆ ಬೇರೆ ಬೇರೆ ಕೇಳಿಸುತ್ತವೆ. ರಮೇಶ, ರಾಜೇಶ ಅಂತ ಇಟ್ಟಿದ್ದರೆ ಮುಗೀತು ಕಥೆ.

ಯಾವ ಕಾಲದ ಕಥೆ ಅಂತ ಮೊದಲೇ ಗೊತ್ತುಮಾಡಿಕೊಂಡೆ. ಪಾತ್ರಗಳು ಯಾವುದಕ್ಕೆ ಹೆದರುತ್ತವೆ ಅನ್ನೋದು ಅದರ ಮೇಲೇ ನಿಂತಿದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧವನ್ನು ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಿಂದ ಹೊರಗಿಟ್ಟಿತು, ಅಂದರೆ ಅದು ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ. ನನ್ನ ಕಥೆ ಇವೆರಡರ ನಂತರದ್ದು. ಪೊಲೀಸರ ಭಯ ಇಲ್ಲ. ಆದರೆ ಆಸ್ಪತ್ರೆಯ ಫಾರಂನಲ್ಲಿ 'ಸಂಬಂಧ' ಎಂಬಲ್ಲಿ ರವಿ ಮೊದಲೂ 'ಸ್ನೇಹಿತ' ಅಂತ ಬರೆದಿದ್ದ, ಪ್ರೀತಿ ಹೇಳಿಕೊಂಡ ಮೇಲೂ ಅದನ್ನೇ ಬರೆಯುತ್ತಾನೆ.

ರವಿಯ ಹಳೆಯ ಗೆಳತಿಯನ್ನು ಕೆಟ್ಟವಳನ್ನಾಗಿ ಮಾಡಲಿಲ್ಲ. ಪ್ರೀತಿಗೆ ಅಡ್ಡ ಬರಲು ಒಬ್ಬ ಹೆಂಗಸನ್ನು ತಂದು ನಿಲ್ಲಿಸುವುದು ಸೋಮಾರಿ ಕೆಲಸ ಅಂತ ನನ್ನ ಅಭಿಪ್ರಾಯ.

'ಈಗ ಯಾಕೆ' ಎಂಬುದಕ್ಕೆ ದೊಡ್ಡ ಅವಘಡ ಬೇಕಾಗಲಿಲ್ಲ. ದಿವಾಕರನಿಗೆ ಬೇರೆ ಊರಲ್ಲಿ ಕೆಲಸ ಸಿಗುತ್ತದೆ. ಸಾಮಾನು ಪಾಲು ಮಾಡುವಾಗ ಒಂದು ಟೇಬಲ್ ಫ್ಯಾನಿಗೆ ಜಗಳ ಹತ್ತುತ್ತದೆ. ಕೆಟ್ಟುಹೋಗಿರುವ ಫ್ಯಾನು! ಇಬ್ಬರಿಗೂ ಅದು ಬೇಡ, ಇಬ್ಬರೂ ಬಿಡುವುದಿಲ್ಲ. "ತಗೊಂಡು ಹೋಗೋ, ಎಲ್ಲಾ ತಗೊಂಡು ಹೋಗು, ನನ್ನನ್ನೂ ಕಟ್ಕೊಂಡು ಹೋಗು" ಅಂತ ರವಿ ಕೂಗುತ್ತಾನೆ. ಕೂಗಿದ ಮೇಲೆ ತಾನೇ ಏನು ಹೇಳಿದೆ ಅಂತ ಅವನಿಗೆ ಕೇಳಿಸುತ್ತದೆ. ಪ್ರೇಮ ನಿವೇದನೆಯ ಉದ್ದ ಭಾಷಣ ನಾನು ಬರೆಯಲಿಲ್ಲ. ಇಷ್ಟು ಹಳೆಯ ಗೆಳೆಯರು ಹಾಗೆ ಮಾತಾಡುವುದಿಲ್ಲ, ಅಲ್ವಾ? ಮುಂದಿನ ಮುತ್ತಿನ ದೃಶ್ಯದಲ್ಲಿ ಇಬ್ಬರಿಗೂ ನಗು ಬರುತ್ತದೆ. ಅದನ್ನು ಹಾಗೇ ಉಳಿಸಿಕೊಂಡೆ.

ಸುಖಾಂತ್ಯದ ವಿಷಯದಲ್ಲಿ ನಾನು ಹಟಮಾರಿ. ಇಂಥ ಕಥೆಗಳಲ್ಲಿ ಒಬ್ಬನನ್ನು ಸಾಯಿಸುವ ಚಾಳಿ ಹಳೆಯದು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1913-14ರಲ್ಲಿ ಗಂಡಸರಿಬ್ಬರ ಪ್ರೇಮದ ಕಾದಂಬರಿ 'ಮಾರಿಸ್' ಬರೆದಾಗಲೇ ಸುಖಾಂತ್ಯ ಇರಲೇಬೇಕು ಅಂತ ಪಟ್ಟು ಹಿಡಿದಿದ್ದರು. ಅದು ಪ್ರಕಟವಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಆದರೆ ಪ್ರೀತಿ ಹೇಳಿಕೊಂಡಲ್ಲಿಗೇ ಕಥೆ ನಿಲ್ಲಿಸಲಿಲ್ಲ. ಕೊನೆಯ ಕಾಲು ಭಾಗ ಪೂರ್ತಿ ಅದರ ನಂತರದ್ದು, ನನಗೆ ಬಹಳ ಇಷ್ಟವಾದದ್ದೂ ಅದೇ. ಹೊಸ ಸಂಬಂಧದಲ್ಲಿ ಜಗಳವಾದರೆ ಮೊದಲು ಗೆಳೆಯನ ಹತ್ತಿರ ಹೋಗಿ ಗೋಳು ಹೇಳಿಕೊಳ್ಳುತ್ತೇವೆ. ಇಲ್ಲಿ ಆ ಗೆಳೆಯನೇ ಪ್ರಿಯಕರ. ರವಿ ಯಾರಿಗೆ ಹೇಳಬೇಕು? ಒಂದು ರಾತ್ರಿ ಸಿಟ್ಟಿನಲ್ಲಿ ದಿವಾಕರನಿಗೇ ಫೋನ್ ಮಾಡಿ, "ನನ್ನ ಗೆಳೆಯನಾಗಿ ಕೇಳ್ತೀಯೋ, ಇಲ್ಲ ಅವನ ಪರ ವಹಿಸ್ತೀಯೋ?" ಅನ್ನುತ್ತಾನೆ. ದಿವಾಕರ ಗೆಳೆಯನಾಗಿಯೇ ಕೇಳುತ್ತಾನೆ, ಆ ಪ್ರಿಯಕರ ಮಾಡಿದ್ದು ತಪ್ಪು ಅಂತ ಒಪ್ಪುತ್ತಾನೆ, ಆದರೂ ಅವನ ಪರವಾಗಿ ಕ್ಷಮೆ ಕೇಳಲು ತಾನು ಯಾರು ಅಂತ ಕೇಳುತ್ತಾನೆ. ರವಿಗೆ ಇನ್ನಷ್ಟು ಸಿಟ್ಟು ಬರುತ್ತದೆ.