ಕುವೈತ್‌ಗೆ ಹೊಸದಾಗಿ ಬಂದವರಿಗೆ ನಾಲ್ಕು ಮಾತು

ಜುಲೈನಲ್ಲಿ ಬಂದಿಳಿದವರಿಗೆ ಮೊದಲ ಪಾಠ ಬಚ್ಚಲುಮನೆಯಲ್ಲೇ ಆಗುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಮೈ ಸುಡುವ ನೀರು. ಟ್ಯಾಂಕ್ ತಾರಸಿ ಮೇಲೆ ಬಿಸಿಲಲ್ಲಿ ಕಾದಿರುತ್ತದಲ್ಲ, ಅದಕ್ಕೆ. ಗೀಸರ್ ಸ್ವಿಚ್ ಆರಿಸಿಬಿಡಿ. ಏಸಿ ಮನೆಯೊಳಗೆ ಗೀಸರ್‌ನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಬಿಸಿನೀರಿನ ನಲ್ಲಿಯಿಂದಲೇ ತಣ್ಣೀರು ಸ್ನಾನ! ನಾನು ಒಂದು ವಾರ ರಾತ್ರಿಯೇ ಬಕೆಟ್ ತುಂಬಿಟ್ಟು ಒದ್ದಾಡಿದ್ದೆ. ಕೊನೆಗೆ ಹೇಳಿಕೊಟ್ಟವರು ಪಕ್ಕದ ರೂಮಿನ ಭಟ್ಕಳದ ಭಾಯಿ.

ಸೆಕೆ ಅಂದರೆ ನಮ್ಮ ಮಂಗಳೂರಿನ ಸೆಕೆ ಅಲ್ಲ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದೆ. ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಸೈಟ್ ಕೆಲಸಕ್ಕೆ ಬಂದವರು ಇದನ್ನು ನೆನಪಿಡಿ. ಹಾಗಂತ ಸ್ವೆಟರ್ ಊರಲ್ಲೇ ಬಿಟ್ಟು ಬರಬೇಡಿ. ಜನವರಿ ರಾತ್ರಿಗಳಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಇಲ್ಲಿ ನಿಮ್ಮ ಜಾತಕ ಅಂದರೆ ಸಿವಿಲ್ ಐಡಿ. ಬ್ಯಾಂಕ್, ಆಸ್ಪತ್ರೆ, ಸಿಮ್ ಎಲ್ಲಕ್ಕೂ ಅದೇ. ಹನ್ನೆರಡು ಅಂಕಿ ಬಾಯಿಪಾಠ ಮಾಡೋದು ಸುಲಭ: ಹುಟ್ಟಿದ್ದು 2000ಕ್ಕೆ ಮೊದಲಾದರೆ ಶುರುವಿಗೆ 2, ಆಮೇಲಾದರೆ 3. ನಂತರದ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಉಳಿಯೋದು ಐದೇ. ಮನೆ ಬದಲಿಸಿದರೆ ಕಾರ್ಡಿನಲ್ಲೂ ವಿಳಾಸ ಬದಲಿಸಿ. ನಾನು ‘ನಾಳೆ ನೋಡೋಣ’ ಅಂತ ಬಿಟ್ಟು, ಕಾರ್ಡ್ ನವೀಕರಿಸುವಾಗ ಹಳೇ ಮನೆಯ ಹಾರಿಸ್, ಅಂದರೆ ವಾಚ್‌ಮನ್, ಹಿಂದೆ ಅಲೆದೆ. ಕಂಪನಿಯ ಕಾಗದಪತ್ರ ಓಡಾಡಿಸುವವರು ಮಂದೂಬ್. ಅವರ ಜೊತೆ ಚೆನ್ನಾಗಿರಿ, ಆದರೆ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ.

ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಆಫೀಸ್. ಇದು ಒಗ್ಗಲು ನನಗೆ ವರ್ಷವೇ ಬೇಕಾಯ್ತು. ರಂಜಾನ್ ಹಗಲಲ್ಲಿ ಹೊರಗೆ ನೀರು ಕುಡಿದರೂ ತಪ್ಪು. ಮದ್ಯ ಅಂತೂ ಇಲ್ಲವೇ ಇಲ್ಲ.

ಶುಕ್ರವಾರ ಸಂಜೆ ಕುವೈತ್ ಸಿಟಿಯ ಮುಬಾರಕಿಯಾ ಮಾರುಕಟ್ಟೆಗೆ ಬನ್ನಿ. ಮಾಲ್‌ಗಳು ಎಲ್ಲ ಊರಲ್ಲೂ ಇರುತ್ತವೆ, ಇಂಥ ಸಂತೆ ಸಿಗೋದಿಲ್ಲ. ಪೆಟ್ರೋಲಿಯಂ ಸಿಗುವ ಮುಂಚೆ ಇದು ಮುತ್ತು ಹೆಕ್ಕುವವರ, ಹಡಗಿನವರ ಊರು. ಅವರ ಹಡಗುಗಳಿಗೆ ತೇಗದ ಮರ ಮಲಬಾರಿನಿಂದ ಬರುತ್ತಿತ್ತು. 1961ರವರೆಗೆ ಇಲ್ಲಿ ನಡೆಯುತ್ತಿದ್ದದ್ದೂ ರೂಪಾಯಿಯೇ. ಈಗ ದಿನಾರ್. ಒಂದು ದಿನಾರಿಗೆ ಸಾವಿರ ಫಿಲ್ಸ್. ಚಹಾ ಕುಡಿದಾಗಲೆಲ್ಲ ರೂಪಾಯಿಗೆ ಲೆಕ್ಕ ಹಾಕುತ್ತಾ ಕೂರಬೇಡಿ, ಗಂಟಲಲ್ಲಿ ಇಳಿಯಲ್ಲ.

ಮೀನಿನ ಕಡೆ ಹೋದರೆ ‘ಜುಬೈದಿ’ ಅಂತ ಕೂಗುತ್ತಿರುತ್ತಾರೆ. ಬೇರೇನಲ್ಲ, ನಮ್ಮ ಮಾಂಜಿ, ಅಂದರೆ ಪಾಂಫ್ರೆಟ್. ಇವರಿಗೂ ಅದೇ ಪ್ರಾಣ, ಹಾಗಾಗಿ ರೇಟು ಜಾಸ್ತಿ. ಕಿವಿರು ಎತ್ತಿ ಕೆಂಪಿದೆಯಾ ನೋಡಿ, ಆಮೇಲೆ ಚೌಕಾಸಿ. ಕತ್ತರಿಸಿ ಕೊಡುವವರಿಗೆ ತಲೆ ಬೇಕು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸಾಕಿರುತ್ತಾರೆ.